ಅಂಗಡಿಬೀದಿಯಲ್ಲಿ ತೀರಿಹೋದವಳು

ಗಂಡನ ಕಾಲು ಉಳುಕದೇ ಇದ್ದಿದ್ದರೆ, ತಾನು ತೀರಿಹೋದ ಸುದ್ದಿ ಅವಳಿಗೆ ಇನ್ನೆಷ್ಟು ದಿನ ತಿಳಿಯುತ್ತಿರಲಿಲ್ಲವೋ. ಶುಕ್ರವಾರ ಸಂಜೆ ಆಫೀಸಿನ ಮೆಟ್ಟಿಲಿಳಿಯುವಾಗ ಅವರ ಪಾದ ಹೊರಳಿತ್ತು. ಶನಿವಾರ ಬೆಳಗ್ಗೆ ಹೊದಿಕೆ ಸರಿಸಿ ನೋಡಿದರೆ ಹರಡು ನೀಲಿಗಟ್ಟಿ, ಪಾದ ಯಾರದೋ ಬೇರೆಯವರದ್ದು ಎನ್ನುವಷ್ಟು ಊದಿಕೊಂಡಿತ್ತು. ಶನಿವಾರ ಆಸ್ಪತ್ರೆ ಕೆಲಸಕ್ಕೆ ಅವಳ ವಾರದ ರಜೆ. ಅವಳಿಗೆ ಅಲ್ಲಿ ಬಟ್ಟೆ ಉಗ್ರಾಣದ ಕೆಲಸ. ಒಗೆದು ಬಂದ ಚಾದರ, ದಿಂಬಿನ ಚೀಲ, ರೋಗಿಗಳ ನಿಲುವಂಗಿಗಳನ್ನು ವಾರ್ಡಿನ ಲೆಕ್ಕದಲ್ಲಿ ಕಟ್ಟು ಕಟ್ಟಿ ಕಳಿಸಬೇಕು, ಹರಿದದ್ದನ್ನು ಬೇರೆ ಇಡಬೇಕು. ಉಳಿದ ದಿನ ಬೆಳಗ್ಗೆ ಆರರ ಬಸ್ಸು ಹಿಡಿದರೆ ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ಈ ಬಡಾವಣೆಗೆ ಬಂದು ಒಂಬತ್ತು ತಿಂಗಳಾಗಿದ್ದರೂ ಅಂಗಡಿಬೀದಿಯನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಅಲ್ಲಿ ಕಾಲಿಟ್ಟಿರಲಿಲ್ಲ. ಸಾಮಾನು ತರುವುದೆಲ್ಲ ಗಂಡನದೇ. ಶನಿವಾರ ಹತ್ತಕ್ಕೆ ಚೀಲ ಹಿಡಿದು ಹೊರಟರೆ ಹನ್ನೆರಡೂವರೆಗೆ ಬರುತ್ತಿದ್ದರು, ಮುಖದ ಮೇಲೆ ಒಂದು ಬಗೆಯ ಕಳೆ ಹೊತ್ತುಕೊಂಡು. ಬಾಗಿಲು ದಾಟಿ ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕುವಾಗ ಆ ಕಳೆಯೂ ಅಂಗಿಯ ಜೊತೆಗೇ ಗೂಟ ಸೇರುತ್ತಿತ್ತು.

"ನೀನ್ಯಾಕೆ ಒದ್ದಾಡ್ತೀಯ, ಸೋಮವಾರ ನಾನೇ ಹೋಗ್ತೀನಿ" ಎಂದರು.

"ಕಾಲು ನೆಲಕ್ಕೂರೋಕಾಗ್ತಿಲ್ಲ, ಸೋಮವಾರ ಅಂತೆ. ಬಿ.ಪಿ. ಮಾತ್ರೆ ನಿನ್ನೇನೇ ಮುಗಿದಿದೆ."

"ಹಾಗಾದ್ರೆ ದೊಡ್ಡ ರಸ್ತೆಗೆ ಹೋಗು. ಅಲ್ಲಿ ಸೂಪರ್ ಮಾರ್ಕೆಟ್ಟಲ್ಲಿ ಎಲ್ಲಾ ಒಂದೇ ಕಡೆ ಸಿಗುತ್ತೆ. ಈ ಬೀದಿಯವರದ್ದು ಬರೀ ಮಾತು, ಹೊತ್ತು ಹೋಗುತ್ತೆ."

"ನಿಮ್ಮ ಕನ್ನಡಕ ರಿಪೇರಿಗೆ ಸೂಪರ್ ಮಾರ್ಕೆಟ್ಟಲ್ಲಿ ಕೊಟ್ಟಿದೀರಾ?"

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಕಿವಿಯ ಹಿಂದೆ ಒಂದು ನರ ಮಿಡಿಯುತ್ತಿತ್ತು. ಚಪ್ಪಲಿ ಮೆಟ್ಟುವಾಗ ಅವಳಿಗೆ ಅನಿಸಿದ್ದು ಇಷ್ಟೇ: ನನ್ನನ್ನು ತೋರಿಸಿಕೊಳ್ಳಲು ನಾಚಿಕೆ. ಹೊಸದಲ್ಲ. ಬ್ಲೀಚಿನ ನೀರಿನಲ್ಲಿ ಉಗುರುಗಳ ಸುತ್ತ ಚರ್ಮ ಸುಲಿದು ಅವಳ ಕೈ ಬೇಯಿಸಿದ ಹಾಗೆ ಕಾಣುತ್ತಿತ್ತು. ತಲೆಯ ಮುಂಭಾಗ ಪೂರ್ತಿ ಬೆಳ್ಳಗಾಗಿತ್ತು. ಅಲ್ಲದೆ ಅವಳು ಗಂಡನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮದುವೆಯ ಹೊಸತರಲ್ಲಿ ಅತ್ತೆ ಬಂದವರೆದುರು ಕಾಫಿ ಲೋಟ ಇಡುತ್ತ, ನಮ್ಮ ಹುಡುಗನಿಗೆ ಹೆಂಡತಿಯೂ ಸಿಕ್ಕಳು, ಅಕ್ಕನ ಆಸೆಯೂ ತೀರಿತು ಎಂದು ನಗುತ್ತಿದ್ದರು. ಆ ನಗುವಿಗೆ ಗಂಡನೂ ತುಸು ಸೇರಿಸುತ್ತಿದ್ದರು. ತಾನೂ ಸೇರಿಸುತ್ತಿದ್ದೆನಲ್ಲ ಎನ್ನುವುದು ಈಗ ಬಿಸಿಲಲ್ಲಿ ನಡೆಯುತ್ತ ನೆನಪಾಗಿ ಕಿವಿ ಬಿಸಿಯಾಯಿತು.

ಬೇಕರಿಯಲ್ಲಿ ಗಲ್ಲದ ತುಂಬ ಹಿಟ್ಟು ಮೆತ್ತಿಕೊಂಡಿದ್ದ ದುಂಡನೆಯ ಹೆಂಗಸು ಅವಳನ್ನು ಕಂಡದ್ದೇ ನಕ್ಕಳು. ಗುರುತಿದ್ದವರಿಗೆ ನಗುವ ನಗೆ. ಕತ್ತರಿಸದ ಗೋಧಿ ಬ್ರೆಡ್ಡು ಬೇಕು, ಮೇಲ್ಗಡೆ ಚೂರು ಸೀದು ಕರಿದಾಗಿರಬೇಕು ಎಂದು ಅವಳು ಹೇಳಿದ ಕೂಡಲೇ ಬೇಕರಿಯವಳು ಕೈಯೊರೆಸಿಕೊಂಡು ಕಣ್ಣರಳಿಸಿದಳು.

"ಈ ಥರ ಕೇಳೋರು ಒಬ್ಬರೇ. ಹಸಿರು ಗೇಟಿನ ಮನೆ ಸಾರ್ ಕಡೆಯವರಾ ನೀವು? ಹುಷಾರಾಗಿದ್ದಾರಾ? ಈ ಹೊತ್ತಿಗೆ ಬರಬೇಕಿತ್ತು, ಬರಲಿಲ್ಲವಲ್ಲ ಅಂತ ಈಗ ತಾನೇ ಅಂದ್ಕೊಂಡೆ."

"ಕಾಲು ಉಳುಕಿದೆ."

"ಅಯ್ಯೋ ಪಾಪ. ಒಂಟಿ ಜೀವ, ನೋಡ್ಕೊಳ್ಳೋರು ಯಾರು? ಆ ಅಮ್ಮ ಇದ್ದಿದ್ರೆ ಆ ಮಾತು ಬೇರೆ."

"ಯಾವ ಅಮ್ಮ?"

"ಅವರ ಮನೆಯವರು. ಹೋಗಿ ವರ್ಷ ಆಯ್ತಂತಲ್ಲ. ಈ ಏರಿಯಾಕ್ಕೆ ಬಂದಿದ್ದೇ ಆ ಮನೇಲಿ ಇರೋಕಾಗದೆ ಅಂತ ಹೇಳಿದ್ರು. ಕರಿದಾಗಿರೋ ಬ್ರೆಡ್ಡು ಸಾರ್‌ಗಲ್ಲ, ಆ ಅಮ್ಮನಿಗೆ ಇಷ್ಟ ಇತ್ತಂತೆ. ಈಗಲೂ ಅದನ್ನೇ ಒಯ್ತಾರೆ ನೋಡಿ. ನೀವು ಯಾರು ಗೊತ್ತಾಗ್ಲಿಲ್ಲ?"

ಕರಿದಾಗಿರೋ ಬ್ರೆಡ್ಡು ಅವಳಿಗೆ ಇಷ್ಟವೇ. ಅದು ಗಂಡನಿಗೆ ಗೊತ್ತಿದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ತಾನು ಸತ್ತ ಸುದ್ದಿಗಿಂತ ಮೊದಲು ಈ ಮಾತು ಬಂದು ಎದೆಗೆ ತಾಕಿತು. ಸತ್ತದ್ದು ಒಂದು ಉಸಿರು ತಡವಾಗಿ ಬಂತು. ಗಾಜಿನ ಪೆಟ್ಟಿಗೆಯೊಳಗೆ ಬನ್ನುಗಳು ಸಾಲಾಗಿ ಬೆವರುತ್ತಿದ್ದವು. ನಾನೇ ಅವರ ಹೆಂಡತಿ ಎಂದರೆ ಈ ಹೆಂಗಸಿನ ಮುಖ ಏನಾಗುತ್ತದೆ? ಮೊದಲು ಗಂಡನ ಮೇಲೆ ನಗುತ್ತಾಳೆ, ಆಮೇಲೆ ಈ ಬಿಳಿ ತಲೆಯನ್ನೂ ಸುಲಿದ ಕೈಯನ್ನೂ ನೋಡಿ ಅವಳ ಮೇಲೆ ನಗುತ್ತಾಳೆ. ಬದುಕಿದ್ದಾಗಲೇ ಗಂಡ ಸಾಯಿಸಿದ ಹೆಂಗಸನ್ನು ನೋಡಿ ಯಾರಿಗಾದರೂ ನಗು ಬಂದೇ ಬರುತ್ತದೆ.

"ನಾನು ಅವನ ಅಕ್ಕ" ಎಂದಳು.

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನ. ನಾಲಿಗೆ ತಡವರಿಸಲಿಲ್ಲ. ಬೇಕರಿಯವಳು ಹಣೆಗೆ ಕೈಹಚ್ಚಿ, ನೋಡಿದ ಕೂಡಲೇ ಗೊತ್ತಾಗಬೇಕಿತ್ತು, ಮುಖದಲ್ಲಿ ಹೋಲಿಕೆ ಇದೆ ಎಂದಳು. ಬೇಡವೆಂದರೂ ಬಿಡದೆ ಬಿಸಿ ಬನ್ನೊಂದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. "ತಮ್ಮನಿಗೆ ಕೊಡಿ. ಬೇಗ ಹುಷಾರಾಗಲಿ. ಅವರು ಬಂದು ಎರಡು ಮಾತಾಡಿದ್ರೆ ನಮಗೂ ದಿನ ಹೋದದ್ದು ಗೊತ್ತಾಗಲ್ಲ."

ಬೀದಿಗಿಳಿದಳು. ಮನೆಗೆ ತಿರುಗಿಹೋಗಬಹುದಿತ್ತು. ಆದರೆ ಹೋಗಿ ಏನು ಕೇಳುವುದು? ನೀರು ಸರಬರಾಜು ಕಚೇರಿಯಲ್ಲಿ ಅವನದು ದೂರು ಕೇಳುವ ಕಿಟಕಿಯ ಕೆಲಸ. ಬೈಯುತ್ತ ಬಂದವರು ಅವನ ಮುಂದೆ ನಿಂತು ಕೊನೆಗೆ ನಿಮ್ಮಂಥವರು ಇರಬೇಕು ಸಾರ್ ಎಂದು ಹೋಗುತ್ತಾರೆ ಎಂದು ಅವಳಿಗೆ ಬೇರೆಯವರಿಂದ ಗೊತ್ತು. ಇಡೀ ದಿನ ಹೊರಗೆ ಕೊಟ್ಟು ಮುಗಿಸಿದ್ದನ್ನು ಮನೆಯಲ್ಲಿ ಕೇಳುವುದು ತಪ್ಪು ಎಂದುಕೊಂಡು ಅವಳು ವರ್ಷಗಟ್ಟಲೆ ಸುಮ್ಮನಿದ್ದಳು. ಅನ್ನ ಬಡಿಸಲಾ, ಫ್ಯಾನು ಹಾಕಲಾ, ನಲ್ಲಿ ಸೋರುತ್ತಿದೆ. ಇಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು. ಸಾಯಿಸುವಷ್ಟು ಜಗಳವನ್ನೂ ಆಡಿರಲಿಲ್ಲ. ಕಾಲು ತಾನಾಗಿ ಕನ್ನಡಕದ ಅಂಗಡಿಯ ಕಡೆ ಹೊರಟಿತು. ಸಿಟ್ಟಿಗಿಂತ ಹೆಚ್ಚಾಗಿ ಅವಳನ್ನು ದೂಡುತ್ತಿದ್ದುದು ಒಂದು ನಾಚಿಕೆಗೇಡಿನ ಕುತೂಹಲ. ನನ್ನ ಬಗ್ಗೆ ಇನ್ನೂ ಏನೇನು ಹೇಳಿದ್ದಾನೆ?

ಕನ್ನಡಕದವನು ತೆಳ್ಳಗಿನ, ವಯಸ್ಸಾದ, ಮೆಲುಮಾತಿನ ಮನುಷ್ಯ. ಅಕ್ಕ ಎಂದ ತಕ್ಷಣ ಎದ್ದುನಿಂತು ಸ್ಟೂಲು ಒರೆಸಿ ಕೊಟ್ಟ. ಫ್ರೇಮಿನ ಸ್ಕ್ರೂ ಬಿಗಿಮಾಡುತ್ತ ಅವನು ಸತ್ತವಳ ಬಗ್ಗೆ, ತಾನು ಬಲ್ಲವಳ ಬಗ್ಗೆ ಹೇಳುವ ಹಾಗೆ ಹೇಳಿದ. ಅವರ ನಗು ಕೇಳಿ ಪಕ್ಕದ ಮನೆಯವರಿಗೂ ನಗು ಬರುತ್ತಿತ್ತಂತೆ. ಕೂದಲು ಒಣಗಿಸುವಾಗ ಹಾಡು ಹೇಳಿಕೊಳ್ಳುತ್ತಿದ್ದರಂತೆ. ಸಂಜೆ ಕಿಟಕಿಯಲ್ಲಿ ನಿಂತು ಕಾಯುತ್ತಿದ್ದರಂತೆ, ಸಾರ್ ತಿರುವಿನಲ್ಲಿ ಕಂಡ ಕೂಡಲೇ ಕಾಯುತ್ತಿರಲಿಲ್ಲ ಅನ್ನುವ ಹಾಗೆ ಒಳಗೆ ಓಡುತ್ತಿದ್ದರಂತೆ. ಅವಳು ಹಾಡಿದವಳಲ್ಲ. ಆದರೆ ಕಿಟಕಿ ಅವಳದ್ದೇ, ಮೊದಲ ಬಾಡಿಗೆ ಮನೆಯ ಒಂದೇ ಒಂದು ಕಿಟಕಿ. ಅಲ್ಲಿಂದ ಒಳಗೆ ಓಡಿದ್ದು ಗಂಡನಿಗೆ ಕಂಡಿತ್ತೆ? ಕಂಡಿದ್ದರೆ ಯಾಕೆ ಒಂದು ದಿನವೂ ಹೇಳಲಿಲ್ಲ? ತನಗಿಂತ ಚೆನ್ನಾಗಿ ಬದುಕಿ, ತನಗಿಂತ ಹೆಚ್ಚು ನಕ್ಕು, ವಯಸ್ಸಾಗುವ ಮೊದಲೇ ಸತ್ತುಹೋದ ಆ ಹೆಂಗಸಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

"ಒಂದು ವಿಷಯಕ್ಕೆ ಮಾತ್ರ ನಾನು ಸಾರ್‌ಗೆ ಕೈ ಮುಗಿಯಬೇಕು" ಎಂದ ಕನ್ನಡಕದವನು. "ನಿಮಗೆ ಗೊತ್ತೇ ಇರುತ್ತೆ. ಏಳನೇ ತಿಂಗಳಲ್ಲಿ ಮಗು ಹೋಯ್ತಲ್ಲ. ಆ ದಿನ ಬೆಳಗ್ಗಿಂದ ಸಂಜೆವರೆಗೂ ಅವರ ಕೈ ಹಿಡ್ಕೊಂಡೇ ಕೂತಿದ್ರಂತೆ ಸಾರ್. ಒಂದು ಗುಟುಕು ನೀರು ಕುಡಿದಿಲ್ಲ. ಹೇಳ್ತಾ ಹೇಳ್ತಾ ಇಲ್ಲೇ, ನೀವು ಕೂತಿರೋ ಸ್ಟೂಲಿನ ಮೇಲೇನೇ, ಅತ್ತುಬಿಟ್ರು. ಗಂಡಸರು ಹಾಗೆ ಅಳೋದು ನಾನು ನೋಡಿರಲಿಲ್ಲ."

ಅವಳು ಸ್ಟೂಲಿನಿಂದ ಎದ್ದಳು. ಆಮೇಲೆ, ಅವನು ಗಾಬರಿಯಾಗಬಾರದೆಂದು, ಸೆರಗು ಸರಿಮಾಡಿಕೊಳ್ಳಲು ಎದ್ದವಳ ಹಾಗೆ ಮತ್ತೆ ಕೂತಳು. ಆ ದಿನ ಬೆಳಗ್ಗೆ ಹತ್ತಕ್ಕೆ ಪಕ್ಕದ ಮನೆಯಿಂದ ಗಂಡನ ಕಚೇರಿಗೆ ಫೋನ್ ಮಾಡಿದ್ದಳು. ಕಿಟಕಿ ಮುಂದೆ ಜನ ಇದ್ದಾರೆ, ಮುಗಿಸಿ ಬರ್ತೀನಿ ಎಂದಿದ್ದ. ಪಕ್ಕದ ಮನೆಯ ಹೆಂಗಸು ಅವಳನ್ನು ಆಸ್ಪತ್ರೆಗೆ ಸೇರಿಸಿ ತನ್ನ ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಹೋಗಿಬಿಟ್ಟಳು. ಆರು ಗಂಟೆಗೆ ವಾರ್ಡಿನ ಬಾಗಿಲಲ್ಲಿ ಅವನ ದನಿ ಕೇಳಿಸಿತ್ತು. ಒಳಗೆ ಬರುವ ಮೊದಲು ಅವನು ನರ್ಸಿನ ಹತ್ತಿರ ಏನೋ ಹೇಳಿದ; ನರ್ಸು ಕಿಲಕಿಲ ನಕ್ಕಳು. ಆಮೇಲೆ ಅವಳ ಚಾದರ ಬದಲಾಯಿಸುತ್ತ ಅದೇ ನರ್ಸು, ನಿಮ್ಮ ಯಜಮಾನರು ಎಷ್ಟು ಒಳ್ಳೆಯವರು, ನೀವು ಅದೃಷ್ಟವಂತರು ಎಂದಿದ್ದಳು. ಹೌದು ಎಂದಿದ್ದಳು ಅವಳು. ಇಪ್ಪತ್ತಾರು ವರ್ಷ ಅವಳ ಹತ್ತಿರ ಅದೊಂದೇ ಪೂರ್ತಿ ತನ್ನದು ಅನ್ನುವ ದಿನವಿತ್ತು. ಅದನ್ನೂ ಅವನು ಎತ್ತಿಕೊಂಡು ಹೋಗಿ, ತನಗೆ ಒಪ್ಪುವಂತೆ ಹೊಲಿಸಿ, ಬೀದಿಯಲ್ಲಿ ಉಟ್ಟುಕೊಂಡು ತಿರುಗಿದ್ದ.

ಔಷಧಿ ಅಂಗಡಿಯಲ್ಲಿ ಇಬ್ಬರು ನಿಂತಿದ್ದರು, ಕೆಮ್ಮುತ್ತಿದ್ದ ಹೆಂಗಸೊಬ್ಬಳು, ಊರುಗೋಲಿನ ಮುದುಕನೊಬ್ಬ. ಅಂಗಡಿಯವಳು ನಲವತ್ತರ ಆಸುಪಾಸಿನ ಚುರುಕು ಹೆಂಗಸು, ಬಿಳಿ ಕೋಟಿನ ಜೇಬಿನಲ್ಲಿ ಎರಡು ಪೆನ್ನು. ಚೀಟಿಯ ಮೇಲಿನ ಹೆಸರು ನೋಡಿ ಅವಳ ಮುಖವೂ ಅರಳಿತು. ಅಕ್ಕನಾ, ಅಕ್ಕ ಬಂದದ್ದು ಒಳ್ಳೆಯದಾಯಿತು, ಆ ಮನುಷ್ಯ ಯಾರಿಗೂ ತೊಂದರೆ ಕೊಡುವವರಲ್ಲ ಎಂದಳು. ಕೆಮ್ಮುವ ಹೆಂಗಸಿಗೂ ಸಾರ್ ಗೊತ್ತು. ಒಂದು ಸಲ ಅವಳ ಚೀಲ ಹರಿದಾಗ ಈರುಳ್ಳಿಯನ್ನೆಲ್ಲ ಆರಿಸಿಕೊಟ್ಟು ಮನೆವರೆಗೂ ಹೊತ್ತುತಂದಿದ್ದರಂತೆ. ಮುದುಕ, ಯಾರು ಯಾರು ಎಂದು ಕಿವಿಗೆ ಕೈ ಹಚ್ಚಿ ಕೇಳಿ, ತಿಳಿದ ಮೇಲೆ, ಚಿನ್ನದಂಥ ಮನುಷ್ಯ ಎಂದ. ಮೂರು ಮುಖಗಳು ಅವಳ ಕಡೆ ಇಷ್ಟು ಪ್ರೀತಿಯಿಂದ ತಿರುಗಿದ್ದನ್ನು ಅವಳು ತನ್ನ ಇಡೀ ಜೀವಮಾನದಲ್ಲಿ ಕಂಡಿರಲಿಲ್ಲ.

"ಒಂದೇ ಸಮಾಧಾನ ಅಂದ್ರೆ ಅವರ ಮನೆಯವರು ನರಳಲಿಲ್ಲವಂತೆ" ಎಂದಳು ಔಷಧಿಯವಳು, ಮಾತ್ರೆ ಕತ್ತರಿಸುತ್ತ. "ನಿದ್ದೇಲೇ ಹೋದ್ರಂತಲ್ಲ."

"ನಿದ್ದೇಲಿ ಅಂತ ಹೇಳಿದ್ನಾ?"

ಕತ್ತರಿ ನಿಂತಿತು. ಇಲ್ಲಿಗೆ ಬಿಡಬಹುದಿತ್ತು. ಬಿಡಬೇಕೆಂದೇ ಅವಳು ಕೌಂಟರಿನ ಮೇಲೆ ಕೈಯಿಟ್ಟು ಕೆಳಗೆ ನೋಡಿದಳು. ಸುಲಿದ ಬೆರಳುಗಳು ಕಂಡವು.

"ಬೆಳಗ್ಗೆ ರಕ್ತ ಹೋಗೋಕೆ ಶುರುವಾಯ್ತು ಅವಳಿಗೆ. ಇವನಿಗೆ ಫೋನ್ ಮಾಡಿದ್ಲು. ಕಿಟಕಿ ಮುಂದೆ ಜನ ಇದ್ದಾರೆ, ಮುಗಿಸಿ ಬರ್ತೀನಿ ಅಂದ. ಮಧ್ಯಾಹ್ನ ಇನ್ನೊಂದು ಸಲ ಯಾರ ಹತ್ರಾನೋ ಮಾಡಿಸಿದ್ಲು. ಸೀಟಲ್ಲಿಲ್ಲ ಅಂದ್ರು. ಸಂಜೆ ಆರಕ್ಕೆ ಬಂದ."

"ಅಷ್ಟೊತ್ತಿಗೆ?" ಎಂದಳು ಕೆಮ್ಮುವ ಹೆಂಗಸು. ಕೆಮ್ಮು ನಿಂತಿತ್ತು.

"ಅಷ್ಟೊತ್ತಿಗೆ ಎಲ್ಲಾ ಆಗಿಹೋಗಿತ್ತು."

ಒಂದು ಸುಳ್ಳು ಪದವೂ ಇರಲಿಲ್ಲ ಅದರಲ್ಲಿ. ಪಕ್ಕದ ಮನೆಯ ಫೋನು ಎನ್ನುವುದನ್ನಷ್ಟೇ ನುಂಗಿದ್ದಳು, ಈಗಿನ ಕಾಲಕ್ಕೆ ಅದು ಒಪ್ಪುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಮೇಲೆ ಮೊದಲ ಸಲ ಆ ದಿನವನ್ನು ಬಾಯಿಬಿಟ್ಟು ಹೇಳುತ್ತಿದ್ದಳು, ಕೇಳುವವರಿಗೂ ಕಣ್ಣು ತುಂಬುತ್ತಿತ್ತು, ಔಷಧಿಯವಳು ಕೌಂಟರಿನಾಚೆಯಿಂದ ಕೈ ಚಾಚಿ ಅವಳ ಕೈಯನ್ನು, ಆ ಬೆಂದ ಕೈಯನ್ನು, ಹಿಡಿದುಕೊಂಡಿದ್ದಳು. ಎಂಥ ಹಿತವಾಗಿತ್ತು ಅದು. ಇದಕ್ಕಾಗಿಯೇ ಅವನು ಪ್ರತಿ ಶನಿವಾರ ಹೆಂಡತಿಯನ್ನು ಸಾಯಿಸಿಕೊಂಡು ಬರುತ್ತಿದ್ದ ಎಂದು ಅವಳಿಗೆ ಆ ಕ್ಷಣ ಪೂರ್ತಿ ಅರ್ಥವಾಯಿತು. ಅರ್ಥವಾದದ್ದರಿಂದ ಕರುಣೆ ಹುಟ್ಟಲಿಲ್ಲ. ಮಾತ್ರೆ ಚೀಲಕ್ಕೆ ಹಾಕಿಕೊಳ್ಳುತ್ತ, "ದಯವಿಟ್ಟು ಯಾರಿಗೂ ಹೇಳಬೇಡಿ, ನನ್ನ ತಮ್ಮನ ಮರ್ಯಾದೆ ಪ್ರಶ್ನೆ" ಎಂದಳು. ಹಾಗೆಂದರೆ ಸಂಜೆಯೊಳಗೆ ಇಡೀ ಬೀದಿಗೆ ಮುಟ್ಟುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯ ಉಗ್ರಾಣದಲ್ಲಿ ಸುದ್ದಿಗಳು ಓಡಾಡುವುದೇ ಹಾಗೆ.

ಬನ್ನನ್ನು ದಾರಿಯಲ್ಲೇ ತಿಂದಳು. ಮನೆಯಲ್ಲಿ ಅವನು ದಿಂಬಿಗೊರಗಿ ಅವಳ ಮುಖವನ್ನೇ ನೋಡುತ್ತಿದ್ದ. "ಸಿಕ್ತಾ ಎಲ್ಲಾ?" ಎಂದ. ಸಿಕ್ತು ಎಂದಳು. ಅವನ ಎದೆಯಿಂದ ಉಸಿರು ಇಳಿದದ್ದು ಹೊದಿಕೆಯ ಮೇಲೆ ಕಂಡಿತು. ಆ ವಾರವೆಲ್ಲ ಅವಳು ಅವನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟಳು, ಪಟ್ಟಿ ಬಿಗಿದಳು. ಎಂದೂ ಇಲ್ಲದಷ್ಟು ಚೆನ್ನಾಗಿ ನಿದ್ದೆ ಬರುತ್ತಿತ್ತು. ಒಮ್ಮೊಮ್ಮೆ ಪಟ್ಟಿ ಸುತ್ತುವಾಗ ಅವನ ಹಿಮ್ಮಡಿ ಅಂಗೈಯಲ್ಲಿ ಒರಗಿಕೊಂಡು, ಮಗುವಿನ ತಲೆಯಷ್ಟು ಭಾರವಾಗಿ, ನಂಬಿಕೊಂಡು ಕೂತಿರುತ್ತಿತ್ತು. ಆಗ ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಳಲಿಲ್ಲ.

ಮುಂದಿನ ಶನಿವಾರ ಅವನು ಕುಂಟುತ್ತ ಹೊರಟ. ಇಪ್ಪತ್ತೇ ನಿಮಿಷಕ್ಕೆ ಹಿಂದಿರುಗಿದ. ಅಂಗಿ ನೇತುಹಾಕುವಾಗ ಗೂಟ ತಪ್ಪಿ ಅದು ಕೆಳಗೆ ಬಿತ್ತು, ಎತ್ತಲಿಲ್ಲ. ಅದರ ಮುಂದಿನ ವಾರ ಬ್ರೆಡ್ಡು ತಣ್ಣಗಿತ್ತು, ಹಿಂದಿನ ದಿನದ್ದು. ಅದರ ಮುಂದಿನ ವಾರ ಮಾತ್ರೆಯೇ ಬರಲಿಲ್ಲ. ಸ್ಟಾಕಿಲ್ಲ ಅಂದ್ರು ಎಂದ. ಅಡಿಗೆಮನೆಯ ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ, "ಕನ್ನಡಕದವನು ನನ್ನ ನೋಡಿ ಒಳಗೆ ಹೋಗಿಬಿಟ್ಟ. ಆಚೆ ಬರಲೇ ಇಲ್ಲ. ನಾನು ಕಾಯ್ತಾನೇ ಇದ್ದೆ" ಎಂದ. ಅವಳಿಗೆ ಗೊತ್ತಿದ್ದಂತೆ ಮದುವೆಯಾದ ಮೇಲೆ ಅವನು ಮನೆಯಲ್ಲಿ ತನ್ನ ಬಗ್ಗೆ ಆಡಿದ ಅತಿ ಉದ್ದದ ಮಾತು ಅದು. ಅವಳು ತರಕಾರಿ ಹೆಚ್ಚುತ್ತಲೇ ಇದ್ದಳು. ಅವನು ಸೊರಗತೊಡಗಿದ್ದ. ಕತ್ತಿನ ಹತ್ತಿರ ಅಂಗಿಯ ಪಟ್ಟಿ ಸಡಿಲವಾಗಿ, ಯಾರದೋ ಅಂಗಿ ತೊಟ್ಟವನಂತೆ ಕಾಣುತ್ತಿದ್ದ.

ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಕೊನೆಗೂ ಕೇಳಿದ. "ಅವತ್ತು ನೀನು ಅಂಗಡಿಗೆ ಹೋಗಿದ್ಯಲ್ಲ. ಯಾರಾದ್ರೂ ಏನಾದ್ರೂ ಕೇಳಿದ್ರಾ?"

"ನಾನು ಯಾರು ಅಂತ ಕೇಳಿದ್ರು."

"ಏನಂದೆ?"

"ಅಕ್ಕ ಅಂದೆ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಕಿವಿಯಿಂದ ಶುರುವಾಗಿ ಮುಖವಿಡೀ ಕೆಂಪಾಗುತ್ತ ಹೋದದ್ದನ್ನು ಅವಳು ನೋಡಿದಳು. ತಟ್ಟೆಗೆ ಹೇಳುವ ಹಾಗೆ, "ಮತ್ತೆ?" ಎಂದ.

"ಮಗು ಹೋದ ದಿನದ ಕಥೆ ಹೇಳ್ದೆ. ನೀವು ಎಷ್ಟು ಗಂಟೆಗೆ ಬಂದ್ರಿ ಅನ್ನೋದನ್ನೂ ಹೇಳ್ದೆ. ಅವಳು ಸತ್ತದ್ದು ಅವತ್ತೇ ಅಂತ ಅವರು ತಿಳ್ಕೊಂಡ್ರು. ನಾನು ಅಲ್ಲ ಅನ್ನಲಿಲ್ಲ."

ಈಗ ಕೂಗಾಡುತ್ತಾನೆ ಎಂದುಕೊಂಡಳು. ಇಲ್ಲವೇ ಅಳುತ್ತಾನೆ, ಅವಳೆದುರು ಒಂದು ಸಲ. ಎರಡಕ್ಕೂ ಮನಸ್ಸು ಗಟ್ಟಿಮಾಡಿಕೊಂಡು ಕೂತಳು. ಅವನು ತಲೆಯೆತ್ತಿ, "ಔಷಧಿ ಅಂಗಡಿಯವಳಿಗೂ ಹೇಳ್ದೆಯಾ?" ಎಂದ.

ಮರುದಿನ ಅವನೇ ಚೀಲ ತೆಗೆದುಕೊಂಡು ಬಾಗಿಲಲ್ಲಿ ನಿಂತು, "ನೀನೂ ಬಾ" ಎಂದ. ಯಾಕೆಂದು ಅವಳು ಕೇಳಲಿಲ್ಲ. ಕನ್ನಡಿಯ ಮುಂದೆ ಒಂದು ಕ್ಷಣ ಹೆಚ್ಚಿಗೆ ನಿಂತು ಕೂದಲು ಒತ್ತಿಕೊಂಡಳು, ಕೈಗೆ ಎಣ್ಣೆ ಸವರಿಕೊಂಡಳು. ದಾರಿಯುದ್ದಕ್ಕೂ ಅವಳ ಎದೆ ಮೊದಲ ಬಾಡಿಗೆ ಮನೆಯ ಕಿಟಕಿಯಲ್ಲಿ ಹೊಡೆದುಕೊಂಡ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಹೇಳುತ್ತಾನೆ. ಇವಳೇ ನನ್ನ ಹೆಂಡತಿ, ನಾನು ಸುಳ್ಳುಗಾರ ಎನ್ನುತ್ತಾನೆ. ಬೀದಿ ನಗಲಿ. ನಕ್ಕರೆ ಇಬ್ಬರ ಮೇಲೂ ಒಟ್ಟಿಗೆ ನಗಲಿ. ಅಷ್ಟಾದರೆ ಸಾಕು, ಉಳಿದದ್ದನ್ನೆಲ್ಲ ಅವಳು ಬಿಟ್ಟುಬಿಡುತ್ತಾಳೆ.

ಬೇಕರಿಯವಳು ಅವಳನ್ನು ನೋಡಿ, "ಬನ್ನಿ ಅಕ್ಕ" ಎಂದಳು. ಅವನ ಕಡೆ ನೋಡಲಿಲ್ಲ. ಇನ್ನಿಬ್ಬರು ಗಿರಾಕಿಗಳು ಪಕ್ಕಕ್ಕೆ ಸರಿದುನಿಂತರು, ಅವನಿಂದ.

"ಇವಳು ಅಕ್ಕ ಅಲ್ಲ" ಎಂದ ಅವನು. ದೂರು ಕಿಟಕಿಯ ಹಿಂದಿನ ಮೆದು ದನಿ. "ಇವಳು ನನ್ನ…"

ಬೇಕರಿಯವಳು ಈಗ ಅವನನ್ನು ನೋಡಿದಳು. ಅವಳೂ ನೋಡಿದಳು. ಅವನ ತುಟಿಯ ಮೇಲೆ ಬೆವರು ಹನಿಗಟ್ಟಿತ್ತು. ಹೆಂಡತಿಯನ್ನು ಸಾಯಲು ಬಿಟ್ಟವನಿಗೆ ಜನ ಎಂದಾದರೂ ಒಂದು ದಿನ, ವಯಸ್ಸಾಯಿತು ಪಾಪ ಎಂದು ಮತ್ತೆ ಮಾತಾಡಿಸಿಯಾರು. ಬದುಕಿರುವವಳನ್ನು ಸಾಯಿಸಿ ಅತ್ತವನನ್ನು ಕಂಡರೆ ಸಾಯುವ ತನಕ ನಗುತ್ತಾರೆ. ಅವನು ಈ ಲೆಕ್ಕ ಹಾಕುತ್ತಿರುವುದು ಅವಳಿಗೆ ಒಂದೊಂದಾಗಿ ಕಾಣಿಸಿತು, ಲೆಕ್ಕ ಮುಗಿದದ್ದೂ ಕಾಣಿಸಿತು.

"ಇವಳು ನನಗೆ ಬರೀ ಅಕ್ಕ ಅಲ್ಲ, ತಾಯಿ ಇದ್ದ ಹಾಗೆ" ಎಂದ.

ಬೇಕರಿಯವಳು ಬ್ರೆಡ್ಡನ್ನು ಅವಳ ಕೈಗೆ ಕೊಟ್ಟಳು. "ಇಂಥವರನ್ನೂ ಬಿಡದೆ ನೋಡ್ಕೊಳ್ತೀರಲ್ಲ, ನಿಮ್ಮದು ದೊಡ್ಡ ಮನಸ್ಸು" ಎಂದಳು.

ಹಿಂತಿರುಗುವಾಗ ಬಸ್ ನಿಲ್ದಾಣದ ಬೆಂಚಿನ ಹತ್ತಿರ ಅವನ ಕಾಲು ನೋಯತೊಡಗಿತು. ಬೆಂಚಿನ ಮೇಲೆ ಟ್ರಂಕು ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಪರವೂರಿನ ಮನುಷ್ಯನೊಬ್ಬ ಸರಿದು ಜಾಗ ಕೊಟ್ಟ. ಮಗಳ ಮನೆಗೆ ಬಂದವನು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದ. ಕಾಲಿಗೇನಾಯಿತು ಎಂದು ವಿಚಾರಿಸಿದ. ಅವಳು ನೋಡುತ್ತಿದ್ದಂತೆಯೇ ಗಂಡನ ಮುಖಕ್ಕೆ ತಿಂಗಳ ಮೇಲೆ ಕಳೆ ಬಂತು. ಉಳುಕಿನಿಂದ ಶುರುವಾದದ್ದು ಅದಕ್ಕೆ ಹಚ್ಚುವ ಎಣ್ಣೆಗೆ ಹೋಯಿತು, ಎಣ್ಣೆಯಿಂದ, ನನ್ನ ಹೆಂಡತಿ ಇದ್ದಾಗ ಎನ್ನುವಲ್ಲಿಗೆ ಬಂತು. ಅವಳು ಅಲ್ಲೇ ನಿಂತಿದ್ದಳು, ಬ್ರೆಡ್ಡಿನ ಚೀಲ ಹಿಡಿದುಕೊಂಡು. ಅವನಿಗೆ ಅದು ಗೊತ್ತಿತ್ತು. ನಿಲ್ಲಿಸಲಿಲ್ಲ. ನನ್ನ ಹೆಂಡತಿಗೆ ಗುಡುಗೆಂದರೆ ಹೆದರಿಕೆ, ಆದರೆ ಹೆದರಿಕೆ ಎಂದು ಹೇಳುತ್ತಿರಲಿಲ್ಲ, ಕಿಟಕಿ ಹಾಕುವ ನೆಪದಲ್ಲಿ ಎದ್ದುಬಂದು ನನ್ನ ಹತ್ತಿರ ಕೂರುತ್ತಿದ್ದಳು, ನನಗೆ ಗೊತ್ತಾಗಿಲ್ಲ ಅಂದುಕೊಂಡಿದ್ದಳು ಎಂದ. ಪರವೂರಿನವನು ನಾಲಿಗೆಯಿಂದ ಲೊಚಗುಟ್ಟಿದ.

ಮನೆಗೆ ಹೋಗಬಹುದಿತ್ತು. ಅವಳು ಬೆಂಚಿನ ತುದಿಯಲ್ಲಿ, ಇಬ್ಬರಿಗೂ ತಾಕದಷ್ಟು ದೂರದಲ್ಲಿ, ಮೆಲ್ಲಗೆ ಕೂತಳು. ಗುಡುಗಿನ ಮಾತು ಮುಗಿದುಹೋಗಬಾರದೆಂದು ಉಸಿರು ಬಿಗಿಹಿಡಿದಿದ್ದಳು. ಗಂಡ ಕಣ್ಣೊರೆಸಿಕೊಳ್ಳಲು ಮಾತು ನಿಲ್ಲಿಸಿದಾಗ ಪರವೂರಿನವನು ಅವನ ಭುಜದಾಚೆಯಿಂದ ಬಗ್ಗಿ, ಮರ್ಯಾದೆಗೆಂದು, ಅವಳನ್ನೂ ಮಾತಿಗೆ ಕರೆದ.

"ನೀವೂ ಇವರ ಮನೆಯವರನ್ನ ಚೆನ್ನಾಗಿ ಬಲ್ಲಿರಾ ಅಮ್ಮ?"

"ಅಷ್ಟೇನಿಲ್ಲ" ಎಂದಳು. "ಒಂದೆರಡು ಸಲ ನೋಡಿದ್ದೆ."